ತನಿಯಪ್ಪನ ಬಲಗಣ್ಣು

ಇಂಥ ಕತೆ ಹೇಳುವವರ ಕೈಯನ್ನು ನಾಡಿ ನೋಡುವ ನೆಪದಲ್ಲಿ ಹಿಡಿದು, ಜ್ವರ ಉಂಟಾ ಎಂದು ನೋಡುತ್ತಿದ್ದವನು ನಾನು. ನನ್ನ ಅಜ್ಜಿ ಹೇಳಿದ್ದನ್ನೂ ನಂಬಿದವನಲ್ಲ. ಈಗ ನನ್ನ ಸರದಿ. ನಂಬಿ ಎಂದು ಕೇಳುವುದಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಐವತ್ತರ ದಶಕದ ಕೊನೆ. ಬಂಟ್ವಾಳದ ಹತ್ತಿರ ರಸ್ತೆ ಬದಿಯ ಸಣ್ಣ ದವಾಖಾನೆಯಲ್ಲಿ ನಾನೊಬ್ಬನೇ ಡಾಕ್ಟರ್. ಊರಿಗೆಲ್ಲ ಜ್ವರ, ಕಂಪೌಂಡರಿಗೂ ಜ್ವರ. ರೋಗಿ ನೋಡುವುದೂ ನಾನೇ, ಮಿಕ್ಸ್ಚರ್ ಕಲಸುವುದೂ ನಾನೇ, ಬಾಟಲಿಗೆ ಗುರುತಿನ ಕಾಗದ ಅಂಟಿಸುವುದೂ ನಾನೇ. ವಾರದಿಂದ ಸರಿಯಾಗಿ ಮಲಗಿರಲಿಲ್ಲ. ಸಾಲದ್ದಕ್ಕೆ ಅಂಗಾಲಿಗೆ ಮೊಳೆ ಹೊಕ್ಕಿತ್ತು. ಯಾರಿಗೂ ಹೇಳದೆ ಪಟ್ಟಿ ಸುತ್ತಿ ಷೂ ಏರಿಸಿದ್ದೆ.

ಆ ಮಧ್ಯಾಹ್ನ ಕೊನೆಗೆ ಬಂದವರು ತನಿಯಪ್ಪ ಮತ್ತು ಅವನ ಹೆಂಡತಿ ದೇಯಿ. ತಾಳೆಮರದ ರಸ ಇಳಿಸಿ ಬೆಲ್ಲ ಮಾಡುವವನು ಅವನು. ಅದು ಪಾನನಿರೋಧದ ಕಾಲ. ಬೆಲ್ಲಕ್ಕೆ ಪರವಾನಗಿ ಇತ್ತು, ಕಳ್ಳಿಗೆ ಇರಲಿಲ್ಲ. ಮಡಕೆಯೊಳಗೆ ಸುಣ್ಣ ಬಳಿದರೆ ರಸ ಹುಳಿಯಾಗದೆ ಬೆಲ್ಲಕ್ಕೆ ಬರುತ್ತದೆ, ಬಳಿಯದಿದ್ದರೆ ಕಳ್ಳಾಗುತ್ತದೆ, ಪೊಲೀಸರೂ ಬರುತ್ತಾರೆ. ತನಿಯಪ್ಪನ ಮೈಯಿಂದ ಹುಳಿ ಕಳ್ಳಿನ ವಾಸನೆ ಗಪ್ಪೆಂದು ಬಡಿಯಿತು.

“ಇವರು ಅಂಗಳದಲ್ಲಿ ಜಾರಿದರು ಡಾಕ್ಟ್ರೇ. ತಲೆನೋವಂತೆ. ಒಮ್ಮೆ ವಾಂತಿಯೂ ಆಯ್ತು,” ಎಂದಳು ದೇಯಿ, ನನ್ನ ಮುಖ ನೋಡದೆ.

“ಇವನು ಜಾರಿದ್ದಾ, ಅಂಗಳವೇ ಜಾರಿದ್ದಾ?”

ತನಿಯಪ್ಪ ನಕ್ಕ. “ನಾನು ಕುಡಿಯಲಿಲ್ಲ ಡಾಕ್ಟ್ರೇ.”

“ಕುಡಿದವರೆಲ್ಲ ಹೇಳುವುದು ಅದನ್ನೇ ಮಾರಾಯ.”

ನೆಟ್ಟಗೆ ನಡೆದೇ ಬಂದಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಬಲಗಿವಿಯ ಮೇಲೆ ಸಣ್ಣ ಬಾವು. ಅಯೋಡಿನ್ ಹಚ್ಚಿ, ತಲೆನೋವಿನ ಪುಡಿ ಕೊಟ್ಟು, ಅಮಲು ಇಳಿಯುವವರೆಗೆ ಜಗಲಿಯ ಬೆಂಚಿನಲ್ಲಿ ಮಲಗಲು ಹೇಳಿದೆ. ಟಾರ್ಚ್ ಹಿಡಿದು ಕಣ್ಣು ನೋಡಲಿಲ್ಲ. ಟಾರ್ಚು ಕೈಗೆಟಕುವಲ್ಲೇ ಇತ್ತು.

ಒಳಗೆ ಬಂದು ಬಾಗಿಲಿಗೆ ಅಗಳಿ ಹಾಕಿದೆ. ಷೂ ಬಿಚ್ಚಿದರೆ ಪಟ್ಟಿಯಲ್ಲಿ ರಕ್ತ. ಬದಲಿಸಲು ಉದಾಸೀನವಾಗಿ, ಕಾಲನ್ನು ಔಷಧದ ಪೆಟ್ಟಿಗೆಯ ಮೇಲಿಟ್ಟು ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಇಳಿಬಿಸಿಲು ಬಾಟಲಿಗಳ ಮೇಲೆ ಬಿದ್ದಿತ್ತು. ಎದುರಿಗೆ ತನಿಯಪ್ಪ ನಿಂತಿದ್ದ.

“ಡಾಕ್ಟ್ರೇ, ನಾನು ಬಿದ್ದದ್ದು ಮರದಿಂದ. ಮಡಕೆ ಮೈಮೇಲೆಯೇ ಒಡೆಯಿತು. ನನ್ನ ಬಲಗಣ್ಣು ಒಮ್ಮೆ ನೋಡಿ.”

“ಹೋಗಿ ಮಲಗು ಮಾರಾಯ, ಬರ್ತೇನೆ,” ಎಂದು ಗದರಿ, ಟಾರ್ಚಿಗೆ ಕೈ ಚಾಚಿ ತಿರುಗಿದರೆ ಅವನಿಲ್ಲ. ಬಾಗಿಲಿನ ಅಗಳಿ ಹಾಕಿದ ಹಾಗೇ ಇತ್ತು.

ಷೂ ಏರಿಸಿ ಜಗಲಿಗೆ ಬಂದರೆ ತನಿಯಪ್ಪ ಗೊರಕೆ ಹೊಡೆಯುತ್ತಿದ್ದ. ದೇಯಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

“ಮೆಲ್ಲಗೆ ಡಾಕ್ಟ್ರೇ, ಒಳ್ಳೆ ನಿದ್ದೆ ಹತ್ತಿದೆ.”

“ಇವನು ಎದ್ದು ಒಳಗೆ ಬಂದಿದ್ದನಾ?”

“ಎಲ್ಲಿ ಬರುವುದು! ಆಗಿನಿಂದ ತಲೆ ನನ್ನ ತೊಡೆಯ ಮೇಲೇ ಉಂಟು.”

ರೆಪ್ಪೆ ಎತ್ತಿದೆ. ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಬಲಗಣ್ಣಿನದ್ದು ಅಗಲವಾಗಿ ತೆರೆದಿತ್ತು, ಎಷ್ಟು ಬೆಳಕು ಬಿಟ್ಟರೂ ಅಲುಗಲಿಲ್ಲ. ನಾಡಿ ನಿಧಾನ. ಚಿವುಟಿದರೆ ಬಲಗೈ ಎಳೆದುಕೊಂಡ, ಎಡಗೈ ಬಿದ್ದಲ್ಲೇ ಇತ್ತು. ಅದು ನಿದ್ದೆಯೂ ಅಲ್ಲ, ಅಮಲೂ ಅಲ್ಲ. ಬುರುಡೆಯೊಳಗೆ ರಕ್ತ ಸೋರಿ ಮೆದುಳನ್ನು ಒತ್ತುತ್ತಿತ್ತು. ಪೆಟ್ಟು ತಿಂದವರು ಕೆಲವು ಗಂಟೆ ನಡೆದಾಡಿ, ಮಾತಾಡಿ, ಆಮೇಲೆ ಹೀಗೆ ಮಲಗಿಬಿಡುವುದುಂಟು ಎಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ.

“ಮರದಿಂದ ಬಿದ್ದದ್ದನ್ನು ಯಾಕೆ ಹೇಳಲಿಲ್ಲ?” ಎಂದೆ.

ದೇಯಿಯ ಮುಖ ಬಿಳಿಚಿಕೊಂಡಿತು. “ನಿಮಗೆ ಯಾರು ಹೇಳಿದ್ದು? ಅಲ್ಲಿ ಇದ್ದದ್ದು ನಾವಿಬ್ಬರೇ. ಸುಣ್ಣ ಇಲ್ಲದ ಮಡಕೆ ಡಾಕ್ಟ್ರೇ... ಜೈಲಿಗೆ ಹಾಕ್ತಾರೆ ಅಂತ...”

ಮಂಗಳೂರಿನ ಬಸ್ಸಿಗೆ ಅಡ್ಡ ನಿಂತೆ. ಕಂಡಕ್ಟರ್ ಮೂಗು ಮುಚ್ಚಿಕೊಂಡ. “ಇದೇನು ಡಾಕ್ಟ್ರೇ, ಪೊಲೀಸ್ ಠಾಣೆಗೆ ಪಾರ್ಸೆಲ್ಲಾ?”

“ಸಾಯ್ತಾ ಇದ್ದಾನೆ ಮಾರಾಯ, ಹತ್ತಿಸು.”

ಮತ್ತೆ ಯಾರೂ ನಗಲಿಲ್ಲ. ಹಿಂದಿನ ಉದ್ದ ಸೀಟು ಖಾಲಿಯಾಯಿತು. ಡ್ರೈವರ್ ಮಂಗಳೂರಿನವರೆಗೆ ಎಲ್ಲಿಯೂ ಬಸ್ಸು ನಿಲ್ಲಿಸಲಿಲ್ಲ. ಅಲ್ಲಿ ಸರ್ಜನ್ ಬುರುಡೆಗೆ ರಂಧ್ರ ಕೊರೆದು, ಹೆಪ್ಪುಗಟ್ಟಿದ ರಕ್ತ ತೆಗೆದರು.

ತನಿಯಪ್ಪ ಬದುಕಿದ. ಎಡಗೈಗೆ ಮೊದಲಿನ ಬಲ ಬರಲಿಲ್ಲ, ಮರ ಹತ್ತುವುದು ಅಲ್ಲಿಗೆ ಮುಗಿಯಿತು. ಕೆಲವು ತಿಂಗಳ ನಂತರ ನನ್ನನ್ನು ನೋಡಲು ಬಂದ. ಅಷ್ಟರಲ್ಲಿ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅವನ ಎದೆಯ ಮೇಲೆ ಮರ ಉಜ್ಜಿದ ತರಚುಗಾಯ ನನ್ನ ಕಣ್ಣಿಗೆ ಬಿದ್ದಿರಬೇಕು, ದಣಿದ ತಲೆ ಅದನ್ನು ಕನಸು ಮಾಡಿ ತೋರಿಸಿರಬೇಕು. ಆದರೂ ಕೇಳಿದೆ.

“ಬೆಂಚಿನಲ್ಲಿ ಮಲಗಿದ್ದಷ್ಟೇ ನೆನಪು ಡಾಕ್ಟ್ರೇ,” ಎಂದ.

ಮೆಟ್ಟಿಲಿಳಿಯುವಾಗ ಏನೋ ನೆನಪಾದವನಂತೆ ತಿರುಗಿದ. “ನಿಮ್ಮ ಅಂಗಾಲಿನ ಗಾಯ ವಾಸಿಯಾಯ್ತಾ? ಪಟ್ಟಿ ಪೂರಾ ರಕ್ತ ಇತ್ತಲ್ಲ.”

ನಾನು ಷೂ ಬಿಚ್ಚಿದ್ದು ಅಗಳಿ ಹಾಕಿದ ಮೇಲೆ.

ಅಂದಿನಿಂದ ಎಷ್ಟೇ ಸುಸ್ತಾಗಿರಲಿ, ಕಳ್ಳಿನ ವಾಸನೆ ಬಂದರೆ ಮೊದಲು ಟಾರ್ಚ್ ಹಿಡಿದು ಕಣ್ಣು ನೋಡುತ್ತಿದ್ದೆ. ಅದು ಯಾಕೆ ಎಂದು ಯಾರು ಕೇಳಿದರೂ ಹೇಳಬಲ್ಲೆ. ಉಳಿದದ್ದನ್ನು ಕೇಳಬೇಡಿ.