ಯೋಗೀಶನ ಖಾರ್ಕಿವ್ ಬೆಕ್ಕುಗಳು
ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿರುವ ನಮ್ಮ ಎಂಜಿನಿಯರ್ ಯೋಗೀಶ ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ಮನುಷ್ಯ. ಈಗ ದಿನಾ ಬೆಳಿಗ್ಗೆ ಮೂಗಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಕೊಂಡು ಮೀನಿನ ಡಬ್ಬಿ ತೆರೆಯುತ್ತಾನೆ. ಯುದ್ಧ ನಡೆಯುತ್ತಿರುವ ಖಾರ್ಕಿವ್‌ನ ಬೀದಿಯಲ್ಲಿ ಸಿಕ್ಕ ಮೂರು ಬೆಕ್ಕುಗಳನ್ನು ಅವನು ಸಾಕಲು ತರಿಸಿಕೊಂಡಿದ್ದಾನೆ. ಆಫೀಸಿನಲ್ಲಿ ಫಿಕಾ ಎಂಬ ವಿರಾಮದ ಹೊತ್ತು ಕಾಫಿ ಆರಿಹೋದರೂ ರೇಬೀಸ್ ಸರ್ಟಿಫಿಕೇಟು, ಮೈಕ್ರೋಚಿಪ್ಪು ಅಂತ ಕೊರೆಯುತ್ತಾನೆ. "ಮೂರು ಸಾಕು ಕಣ್ರೀ" ಅಂತ ಹೆಂಡತಿ ಪಾವನಾ ಅಂದರೆ, "ನಾಲ್ಕನೇದರ ಪೇಪರ್ಸ್ ಆಗ್ಲೇ ಕಳಿಸಿದೀನಿ. ತರೋದು ಅಂದ್ರೆ ತರೋದೇ" ಅನ್ನುತ್ತಾನೆ. ಮನೆಗೆ ಬಂದವರು ನೆಲದ ಮೇಲೆ ಕೂರಬೇಕು, ಯಾಕೆಂದರೆ ಸೋಫಾದ ಮೇಲೆ ಮಲಗಿದವರನ್ನು ಎಬ್ಬಿಸುವಂತಿಲ್ಲ. ಇದೇ ಯೋಗೀಶ ಹಿಂದೆ ನಮ್ಮ ಕನ್ನಡ ಬಳಗದ ದೀಪಾವಳಿಗೆ ಬಾಣಬಿರುಸಿನ ಉಸ್ತುವಾರಿ. ಅನುಮತಿಗಾಗಿ ವಾರಗಟ್ಟಲೆ ಅಲೆದು, ಮೊದಲ ರಾಕೆಟ್ ತಾನೇ ಹಚ್ಚುತ್ತಿದ್ದ. ಈ ಸಲ ಸಂಜೆ ರಾಕೆಟ್ಟುಗಳು ಶುರುವಾದರೂ ಅವನು ಬರಲಿಲ್ಲ. ಕರೆಯಲು ಹೋದ ನನಗೆ ಪಾವನಾ ವಾರ್ಡ್‌ರೋಬ್ ತೋರಿಸಿದಳು. ಹಬ್ಬದ ರೇಷ್ಮೆ ಪಂಚೆಯಲ್ಲೇ ಚಳಿಗಾಲದ ಕೋಟುಗಳ ನಡುವೆ ಮುದುಡಿ ಕೂತಿದ್ದ ಯೋಗೀಶ, ನಡುಗುವ ಬೆಕ್ಕಿನ ಕಿವಿಗಳನ್ನು ಅಂಗೈಗಳಿಂದ ಮುಚ್ಚಿಕೊಂಡು ಹೇಳುತ್ತಿದ್ದ: "ಹಬ್ಬ ಕಣೇ ಇದು, ಯುದ್ಧ ಅಲ್ಲ."