ತಗಡಿನ ತೂತಿನಿಂದ ಬಂದ ಗ್ರಹಣ

ಆ ಡಿಸೆಂಬರಿನ ಸೂರ್ಯಗ್ರಹಣದ ಹೊತ್ತಿಗೆ ನಾನು ಬಸುರಿ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಪಂಚಾಂಗ ನೋಡುವವರು ಯಾರೂ ಇಲ್ಲ. ರಾಹುಕಾಲದಲ್ಲೇ ಮಗನ ನಿಶ್ಚಯ ಮಾಡಿ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ನನ್ನ ಅತ್ತೆ. ಆದರೆ ಹಿಂದಿನ ಸಲ ನನ್ನ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಹಾಗಾಗಿ ಈ ಸಲ ಅವರು ಯಾವ ಗ್ರಹವನ್ನೂ ಎದುರು ಹಾಕಿಕೊಳ್ಳಲು ತಯಾರಿರಲಿಲ್ಲ.

ನನ್ನ ಹುಚ್ಚು ಬೇರೆ. ಹುಮನಾಬಾದಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಅಪ್ಪ ತಮ್ಮ ಹಳೆಯ ರೀಲಿನ ಕ್ಯಾಮೆರಾ ಒಂದನ್ನು ನನಗೆ ಕೊಟ್ಟು, "ನಾ ಇಲ್ಲಿ ಮಾಳಿಗಿ ಮ್ಯಾಲಿಂದ ಗ್ರಹಣ ಹೊಡೀತೀನಿ, ನೀ ಅಲ್ಲಿಂದ ಹೊಡಿ. ಯಾರ್ದು ಛಲೋ ಬರ್ತದ ನೋಡೂಣ," ಎಂದು ಪಂದ್ಯ ಕಟ್ಟಿದ್ದರು. ಸೋಲುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಕ್ಯಾಮೆರಾವನ್ನು ಕೌದಿಯೊಳಗೆ ಬಚ್ಚಿಟ್ಟುಕೊಂಡೆ.

ಬೆಳಗಾಗುತ್ತಲೇ ಅತ್ತೆ ನನ್ನನ್ನು ಹಿಂದಿನ ತಗಡಿನ ಕೋಣೆಯಲ್ಲಿ, ಗೋಡೆಗೆ ಹತ್ತಿದ ಮಂಚದ ಮೇಲೆ ಮಲಗಿಸಿದರು. ಕಿಟಕಿಗೆ ಕಂಬಳಿ ಕಟ್ಟಿದರು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದರು.

"ಬಿಡೋತನಕ ನೆಟ್ಟಗ ಮಲ್ಕೊ. ಹೊರಳಬ್ಯಾಡ, ಕೆರಕೊಬ್ಯಾಡ."

"ಸೀನು ಬಂದ್ರ ಏನ್ ಮಾಡ್ಲಿರಿ ಅತ್ತಿ?"

"ನುಂಗು."

ಕೋಣೆ ಕತ್ತಲಾದದ್ದೇ ತಡ, ಪಕ್ಕದ ಗೋಡೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಬೆಳಕು ಕಂಡಿತು. ಮೇಲಿನ ತಗಡಿನಲ್ಲಿ ಒಂದು ಮೊಳೆಯ ತೂತಿತ್ತು. ನೋಡನೋಡುತ್ತಿದ್ದಂತೆ ಆ ಬೊಟ್ಟಿನ ಅಂಚನ್ನು ಯಾರೋ ಕಚ್ಚಿದ ಹಾಗಾಯಿತು. ಅತ್ತೆ ಅಷ್ಟು ಕಷ್ಟಪಟ್ಟು ಇಡೀ ಕೋಣೆಯನ್ನೇ ಕ್ಯಾಮೆರಾ ಮಾಡಿಟ್ಟಿದ್ದರು! ನನಗೆ ನಗು ತಡೆಯಲಾಗಲಿಲ್ಲ.

"ಅತ್ತಿ, ಗ್ರಹಣ ಒಳಗ ಬಂದದ್ರಿ."

ಅತ್ತೆ ತಲೆಯೆತ್ತಿ ನೋಡಿದರು. ತೂತು ಮುಚ್ಚಲು ಏಣಿ ಬೇಕು, ಏಣಿ ಅಂಗಳದಲ್ಲಿ, ಬಾಗಿಲು ತೆಗೆದರೆ ಗ್ರಹಣವೆಲ್ಲ ಒಳಗೆ. ನನ್ನನ್ನು ಸರಿಸೋಣವೆಂದರೆ ಅಲುಗಾಡಬಾರದೆಂಬುದು ಅವರದೇ ಕಾನೂನು. ಹೊತ್ತು ಏರಿದಂತೆ ಬೆಳಕು ಗೋಡೆ ಇಳಿದು, ಕೌದಿ ಹತ್ತಿ, ನನ್ನ ಹೊಟ್ಟೆಯ ಕಡೆಗೇ ಬರತೊಡಗಿತು. ಅತ್ತೆಯ ಮುಖ ನೋಡಿ ನನ್ನ ನಗು ನಿಂತಿತು.

ಅವರು ಮಂಚದ ಮೇಲೆ ಕೂತು ನನ್ನ ಹೊಟ್ಟೆಯ ಮೇಲೆ ಅಂಗೈ ಊರಿದರು. ಕಚ್ಚಿದ ಸೂರ್ಯ ಅವರ ಕೈಮೇಲಿನ ಹಚ್ಚೆಯ ಮೇಲೆ ಬಿದ್ದ. ಅವನು ಸರಿದಲ್ಲಿಗೆ ಕೈಯೂ ಸರಿಯಿತು.

"ಹಿಡೀತದಂದ್ರ ನನ್ನ ಹಿಡೀಲಿ," ಎಂದರು, ನನಗಲ್ಲ.

ನಾನು ಉಸಿರು ಬಿಗಿಹಿಡಿದು, ಕೌದಿಯೊಳಗಿಂದ ಕ್ಯಾಮೆರಾ ತೆಗೆದು ಒತ್ತಿದೆ.

"ಬಟ್ಟ ಅಲುಗಿತು!" ಎಂದು ನನ್ನ ಬೆರಳು ನೋಡಿ ಗದರಿದರು. ಕೈ ಮಾತ್ರ ತೆಗೆಯಲಿಲ್ಲ. ಮದುವೆಯಾದ ಮೇಲೆ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮುಂದೆ ಅಪ್ಪ ಹುಮನಾಬಾದಿನಲ್ಲಿ ರೀಲು ತೊಳೆದಾಗ ನನ್ನ ಚಿತ್ರ ಸ್ವಲ್ಪ ಅಲುಗಿಯೇ ಇತ್ತು. ತಮ್ಮ ಸೂರ್ಯ ಕೆತ್ತಿಟ್ಟ ಹಾಗಿದ್ದಾನೆಂದು ಹೇಳಿ ಪಂದ್ಯವನ್ನು ತಾವೇ ಗೆದ್ದುಕೊಂಡರು. ನಾನು ವಾದಕ್ಕೆ ಹೋಗಲಿಲ್ಲ.

ಆ ದಿನ ಕೊನೆಗೆ ಬೆಳಕು ಮತ್ತೆ ದುಂಡಗಾಯಿತು. ಓಣಿಯಲ್ಲಿ ಗ್ರಹಣ ಬಿಟ್ಟ ಸ್ನಾನಕ್ಕೆ ಕೊಡಗಳ ಸದ್ದು ಎದ್ದಿತು.

"ಬಿಡ್ತಲ್ರಿ ಅತ್ತಿ, ಕೈ ತಗೀರಿ."

"ಸುಮ್ಕಿರು," ಎಂದರು ಅತ್ತೆ. "ಒದ್ಯಾಕತ್ತದ."