ಜೋಗಿಯನ್ನು ಹೊರಲು ಬೇಕಾದ ಬೆನ್ನು

ಕೊರೊನಾ ಮುಗಿದು ಆಸ್ಪತ್ರೆಗಳು ಉಸ್ಸಪ್ಪಾ ಎಂದಿದ್ದ ವರ್ಷ. ನಾನಾಗ ಊಟಿಯಲ್ಲಿ ಮಾಜಿ ಸೈನಿಕರು ಬರುವ ಚಿಕ್ಕ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಗುಂಡ್ಲುಪೇಟೆ ಕಡೆಯ ನನಗೆ ಅಲ್ಲಿನ ಬಡಗ ಸಮುದಾಯದವರ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಅವರೇ ಕರುಣೆ ತೋರಿ ನನ್ನ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು.

ತುಮ್ಮನಟ್ಟಿ ಕಡೆಯ ಸುಬೇದಾರ್ ಹಾಲನ್ ಕೋಲೂರಿಕೊಂಡು ಬಂದರು. ಎಪ್ಪತ್ತು ದಾಟಿದವರು. ಗಡಿಯಲ್ಲಿ ಟ್ರಕ್ಕು ಉರುಳಿದಾಗ ಪೆಟ್ಟಾದ ಸೊಂಟ. ಗಾಯ ಎಂದೋ ಮಾಗಿತ್ತು, ನೋವು ಉಳಿದಿತ್ತು. ಹೀಗೆ ವರ್ಷಗಟ್ಟಲೆ ಉಳಿಯುವುದನ್ನು ಕ್ರಾನಿಕ್ ಪೇನ್ ಎನ್ನುತ್ತೇವೆ. ಎಂಆರ್‌ಐನಲ್ಲಿ ಕಾಣುವ ಸವೆದ ಡಿಸ್ಕ್ ಒಂದೇ ಅದಕ್ಕೆ ಕಾರಣವಲ್ಲ. ಕೆಟ್ಟ ನಿದ್ದೆ, ಭಯ, ಒಂಟಿತನ ಎಲ್ಲವೂ ಅದನ್ನು ಬೆಳೆಸುತ್ತವೆ.

"ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ?" ಎಂದು ಕೇಳಿದೆ.

"ಎರಡು," ಎಂದರು ಹಾಲನ್, ಪರೇಡಿನಲ್ಲಿ ನಿಂತವರ ಹಾಗೆ.

ಅವರ ಹಿಂದೆ ಬೆಂಚಿನ ಮೇಲೆ ಕೂತಿದ್ದ ಗೆಳೆಯ ಎಂಟು ಬೆರಳು ಎತ್ತಿ ತೋರಿಸಿದರು. ಅವರೇ ಹವಾಲ್ದಾರ್ ಜೋಗಿ. ಒಂದೇ ಹಟ್ಟಿಯವರು, ಒಟ್ಟಿಗೇ ಸೈನ್ಯ ಸೇರಿದವರು.

"ಜಾಸ್ತಿ ಹೇಳಿದ್ರೆ ಮೆಡಿಕಲ್ ಕೆಟಗರಿ ಇಳಿಸಿಬಿಡ್ತಾರೆ ಅಂತ ಇವನಿಗೆ ಇನ್ನೂ ಹೆದರಿಕೆ. ರಿಟೈರ್ ಆಗಿದ್ದೀಯ ಅಂತ ನೀವಾದ್ರೂ ಹೇಳಿ, ಡಾಕ್ಟ್ರಮ್ಮಾ!" ಎಂದು ನಕ್ಕ ಜೋಗಿಗೆ ಕೆಮ್ಮು ಹತ್ತಿತು. ಸೈನ್ಯದಲ್ಲಿ ಆರೋಗ್ಯದ ಆ ದರ್ಜೆ ಇಳಿದರೆ ಬಡ್ತಿಗೆ ಕುತ್ತು. ನೋವು ಮುಚ್ಚಿಡುವುದು ಹಾಗಾಗಿ ಅವರಿಗೆ ರಕ್ತಗತ.

ಏನು ಮಾಡಲು ಆಗಬೇಕು ನಿಮಗೆ ಎಂಬ ಪ್ರಶ್ನೆಯಿಂದಲೇ ನಮ್ಮ ಚಿಕಿತ್ಸೆ ಶುರು. ಮೊಮ್ಮಗಳನ್ನು ಎತ್ತಬೇಕು, ಬಸ್ಸು ಹತ್ತಬೇಕು ಎನ್ನುವವರೇ ಹೆಚ್ಚು. ಹಾಲನ್ ನೆಲ ನೋಡಿದರು. ಉತ್ತರ ಜೋಗಿಯಿಂದ ಬಂತು.

"ನನ್ನನ್ನ ಹೊರಬೇಕು ಇವನು. ಶ್ವಾಸಕೋಶ ಗಟ್ಟಿಯಾಗ್ತಾ ಬಂದಿದೆ, ಇನ್ನೊಂದು ಮಳೆಗಾಲ ಕಾಣೋದು ಕಷ್ಟ ಅಂದಿದ್ದಾರೆ. ಯಾರು ಮೊದಲು ಹೋದ್ರೂ ಇನ್ನೊಬ್ಬ ಹೆಗಲು ಕೊಡಬೇಕು ಅಂತ ನಮ್ಮಲ್ಲಿ ಮಾತಾಗಿದೆ. ನೋಡಿದ್ರೆ ಸುಬೇದಾರರು ಕೋಲು ಹಿಡ್ಕೊಂಡು ನಿಂತಿದ್ದಾರೆ!"

"ಬಾಯಿ ಮುಚ್ಚೋ," ಎಂದರು ಹಾಲನ್. ಆದರೆ ಬೇರೆ ಗುರಿ ಹೇಳಲಿಲ್ಲ.

ಅವರ ಹಟ್ಟಿಯಿಂದ ಮಸಣಕ್ಕೆ ಹೋಗುವ ದಾರಿ ಕಡಿದಾದ ಇಳಿಜಾರು. ಹಾಗಾಗಿ ಮೊದಲು ಮಲಗಿ ಮಾಡುವ ವ್ಯಾಯಾಮ, ಆಮೇಲೆ ಮೆಟ್ಟಿಲು, ಕೊನೆಗೆ ಹೆಗಲ ಮೇಲೆ ಕ್ಯಾರೆಟ್ ತುಂಬಿದ ಚೀಲ. ಭಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದೆ. ಜೋಗಿ ಬೆಂಚಿನಿಂದಲೇ ಡ್ರಿಲ್ ಉಸ್ತಾದರಂತೆ "ಏಕ್, ದೋ! ಎದೆ ಎತ್ತು!" ಎಂದು ಕೂಗುತ್ತಿದ್ದರು. ಹಾಲನ್ ಬೈದುಕೊಂಡೇ ನಡೆಯುತ್ತಿದ್ದರು. ನಿದ್ದೆ ಬರತೊಡಗಿತು, ಮಾತ್ರೆ ಕಡಿಮೆಯಾಯಿತು, ಕೋಲು ಮನೆಯಲ್ಲೇ ಉಳಿಯಿತು. ನನ್ನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆ. ಅದೇ ತಿಂಗಳುಗಳಲ್ಲಿ ಜೋಗಿಯ ಕೂಗು ಸಣ್ಣದಾಗುತ್ತ ಬಂತು.

ಒಂದು ದಿನ ಚೀಲಕ್ಕೆ ಭಾರ ಸೇರಿಸುವ ಬದಲು ತೆಗೆದೆ. ಜೋಗಿ ಅದನ್ನು ಕಂಡು ಹತ್ತಿರ ಕರೆದರು.

"ಅವನು ಹುಷಾರಾದ್ರೆ ನಾನು ಹೋಗ್ಬಿಡ್ತೀನಿ ಅಂತಲಾ? ನಾನು ಹೇಗೂ ಹೋಗ್ತೀನಿ, ಡಾಕ್ಟ್ರಮ್ಮಾ. ಅವನು ಹುಷಾರಾಗ್ಲಿ."

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು ಚೀಲ ತುಂಬಿದೆ.

ಮಳೆ ಹಿಡಿಯುವ ಮೊದಲೇ ಜೋಗಿ ತೀರಿಕೊಂಡರು. ಸುದ್ದಿ ತಿಳಿದು ನಾನೂ ಹಟ್ಟಿಗೆ ಹೋದೆ. ಅವರನ್ನು ಮಲಗಿಸಿದ ಮಂಚದ ಸುತ್ತ ಬಿಳಿ ಬಟ್ಟೆಯ ಗಂಡಸರು ವಾದ್ಯಕ್ಕೆ ಹೆಜ್ಜೆ ಹಾಕಿದರು. ಸಾವಿನಲ್ಲಿ ಕುಣಿದು ಕಳಿಸಿಕೊಡುವುದು ಬಡಗರ ಪದ್ಧತಿ. ಆಮೇಲೆ ಹಾಲನ್ ಮುಂದೆ ಬಂದು ಹೆಗಲು ಕೊಟ್ಟರು. ಇಳಿಜಾರಿನುದ್ದಕ್ಕೂ ಬೇರೆಯವರು ಹೆಗಲು ಬದಲಿಸಿಕೊಂಡರು, ಅವರು ಬದಲಿಸಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಅವರು ಕ್ಲಿನಿಕ್ಕಿಗೆ ಬರಲಿಲ್ಲ. ನೋವು ಮರಳಿರಬೇಕು ಎಂದುಕೊಂಡು ಹಟ್ಟಿಗೆ ಹೋದೆ. ಜಗಲಿಯಲ್ಲಿ ನೆಟ್ಟಗೆ ಕೂತಿದ್ದರು. ಪರೀಕ್ಷೆ ಮಾಡಿದೆ. ಎಲ್ಲ ಸರಿಯಿತ್ತು.

"ನೋವಿಲ್ಲ, ಡಾಕ್ಟ್ರಮ್ಮಾ. ಬೆನ್ನು ಚೆನ್ನಾಗಿದೆ," ಎಂದರು. ಮಸಣದ ದಾರಿಯತ್ತ ನೋಡುತ್ತ ಕೇಳಿದರು: "ಇನ್ನು ಇದನ್ನ ಇಟ್ಕೊಂಡು ಏನು ಮಾಡ್ಲಿ?"

ನಾನು ಜಗಲಿಯಲ್ಲಿ ಅವರ ಪಕ್ಕ ಕೂತೆ.

ಈಗ ರೋಗಿಗಳು ಗುರಿ ಹೇಳಿದ ಮೇಲೆ "ಅದಾದ ಮೇಲೆ?" ಎಂದೂ ಕೇಳುತ್ತೇನೆ. ಹೆಚ್ಚಿನವರು ನಕ್ಕು ಏನಾದರೂ ಹೇಳುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಅಂಥವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಬೆನ್ನು ನೋಡುವುದು ಆಮೇಲೆ.